ಗಾರ್ಬ್ಲರ್ ಎಂಬ ಪದ

"ಗಾರ್ಬ್ಲರ್. ಎಲ್ಲಿಂದ ಬಂತಪ್ಪಾ ಈ ಪದ? ಹೇಳು ನೋಡೋಣ."

ವಗ್ದಿ ಮೇಷ್ಟ್ರು ಕಾಫಿ ಕಪ್ಪು ಕೆಳಗಿಟ್ಟು, ಹೆಣ್ಣು ಕೇಳಲು ಬಂದಿದ್ದ ರಿಫಾತನ ಮುಖವನ್ನೇ ನೋಡಿದರು. ಅಲೆಕ್ಸಾಂಡ್ರಿಯಾದ ಅರ್ಧ ಊರಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದ ಈ ಮನುಷ್ಯನಿಗೆ ಒಂದೇ ಹುಚ್ಚು. ಯಾರೂ ಬಳಸದ ಇಂಗ್ಲಿಷ್ ಪದ ಹುಡುಕಿ ಅದರ ಹುಟ್ಟೂರು ಪತ್ತೆ ಹಚ್ಚುವುದು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮಗಳನ್ನು ಕೇಳಲು ಬಂದವರಿಗೆಲ್ಲ ಇದೇ ಪರೀಕ್ಷೆ! ತಡಬಡಿಸಿದವರೆಲ್ಲ ಕಾಫಿ ಕುಡಿದು ಎದ್ದುಹೋಗಿದ್ದರು. ಮಗಳು ನಿಹಾಲಳಿಗೆ ಮೂವತ್ತು ದಾಟಿತ್ತು.

ಈ ಸಲ ಅವಳು ಸುಮ್ಮನೆ ಕೂತಿರಲಿಲ್ಲ. ದೋಣಿ ಎಂಜಿನ್ ರಿಪೇರಿ ಮಾಡುವ ರಿಫಾತ್ ಅವಳು ಮನಸಾರೆ ಮೆಚ್ಚಿದ ಹುಡುಗ. ದಿನಾ ಸಂಜೆ ಟ್ರಾಮಿನಲ್ಲಿ ಪಕ್ಕ ಕೂರಿಸಿಕೊಂಡು, ಅಪ್ಪನ ಪದಗಳನ್ನೆಲ್ಲ ಅವನ ತಲೆಗೆ ತುಂಬಿದ್ದಳು. ಹಿಂದೆ ಲಂಡನ್ನಿನಲ್ಲಿ ಮೆಣಸು, ಲವಂಗ ಜರಡಿ ಹಿಡಿಸಿ ಕಸ ತೆಗೆಸುತ್ತಿದ್ದ ಅಧಿಕಾರಿಯೇ ಗಾರ್ಬ್ಲರ್. ಪದದ ಬೇರು ಅರಬ್ಬಿಯ ಘುರ್ಬಾಲ್, ಅಂದರೆ ಜರಡಿ. ರಿಫಾತನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

ಆದರೆ ಮೇಷ್ಟ್ರು ಕುರ್ಚಿಯ ಅಂಚಿಗೆ ಜರುಗಿ ಕೂತಿದ್ದರು. ತಾವೇ ಹೇಳಿಬಿಡಬೇಕೆಂದು ತುಟಿ ತವಕಿಸುತ್ತಿತ್ತು. ಪಾಪ, ನಿಹಾಲ್ ಹೊರಟುಹೋದರೆ ಅವರ ಪದಗಳನ್ನು ಕೇಳುವವರು ಯಾರಿದ್ದಾರೆ? ರಿಫಾತ್ ತೆರೆದ ಬಾಯಿ ಮುಚ್ಚಿದ.

"ಗೊತ್ತಿಲ್ಲ ಮೇಷ್ಟ್ರೇ. ನೀವೇ ಹೇಳಿ."

ನಿಹಾಲ್ ಬೆಚ್ಚಿ ಅವನತ್ತ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಸೋದರತ್ತೆ ಇನ್ಶಿರಾಹ್ ಹಣೆ ಚಚ್ಚಿಕೊಂಡು, "ಮುಗೀತು! ಇವನೂ ಹೋದ" ಎಂದಳು.

"ಗೊತ್ತಿಲ್ವಾ?" ಮೇಷ್ಟ್ರ ಮುಖ ಅರಳಿತು. "ಏ ಇನ್ಶಿರಾಹ್, ಗೊಣಗಿದ್ದು ಸಾಕು, ಜರಡಿ ತಗೊಂಬಾ!"

ಜರಡಿ ಬಂತು. ಮೇಷ್ಟ್ರು ಅದನ್ನು ತೊಡೆಯ ಮೇಲಿಟ್ಟುಕೊಂಡರು. "ನೋಡಯ್ಯಾ, ಇದೇ ಆ ಪದದ ತಾಯಿ! ಮಸಾಲೆ ಮೂಟೆ ಜೊತೆ ನಮ್ಮ ಮಾತೂ ಹಡಗು ಹತ್ತಿತು. ಇಟಲಿ ವ್ಯಾಪಾರಿಗಳ ಬಾಯಿಗೆ ಬಿದ್ದು, ಲಂಡನ್ ಸೇರ್ತು."

"ಆಮೇಲೆ?" ಎಂದ ರಿಫಾತ್.

ಇಷ್ಟು ವರ್ಷದಲ್ಲಿ ಬಂದ ಯಾರೂ ಹಾಗೆ ಕೇಳಿರಲಿಲ್ಲ. ಮೇಷ್ಟ್ರ ಕೈ ಜರಡಿಯ ಅಂಚಿನಲ್ಲಿ ನಿಂತಿತು.

"ಆಮೇಲೆ ಇನ್ನೇನು? ಇವಳು ಹುಟ್ಟಿದ ಏಳನೇ ದಿನ, ಶಾಸ್ತ್ರದ ಪ್ರಕಾರ ಇದೇ ಜರಡೀಲಿ ಮಲಗಿಸಿ ತೂಗಿದ್ವಿ. ಇವಳಮ್ಮ ಬಗ್ಗಿ ಕಿವೀಲಿ ಏನೋ ಹೇಳಿದ್ಲು."

"ಏನಂತ ಅಪ್ಪಾ?" ನಿಹಾಲ್ ಕೇಳಿದಳು. ಅಮ್ಮ ಸತ್ತಾಗ ಅವಳಿನ್ನೂ ಮಗು. ಈ ಮಾತನ್ನು ಅಪ್ಪ ಅವಳಿಗೂ ಹೇಳಿರಲಿಲ್ಲ.

"'ಅಮ್ಮನ ಮಾತು ಕೇಳು ಕಂದಾ, ಅಪ್ಪನ ಮಾತು ಕೇಳ್ಬೇಡ' ಅಂತ. ಎಲ್ಲಾ ಮನೇಲೂ ತಮಾಷೆಗೆ ಹೇಳೋದೇ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು." ಮೇಷ್ಟ್ರು ಮಗಳತ್ತ ತಿರುಗಿದರು. "ನೀನು ನೋಡಿದ್ರೆ ಇಷ್ಟು ವರ್ಷ ನನ್ನ ಮಾತೇ ಕೇಳ್ಕೊಂಡು ಕೂತುಬಿಟ್ಟೆ."

ಹೊರಗೆ ಟ್ರಾಮ್ ಹಾದುಹೋಯಿತು.

"ಇವನು ನಿಂಗೆ ಇಷ್ಟಾನಾ?"

"ಹೂಂ ಅಪ್ಪಾ. ತುಂಬಾ."

"ಹಾಗಾದ್ರೆ ಇವತ್ತಾದ್ರೂ ನಿಮ್ಮಮ್ಮನ ಮಾತು ಕೇಳು ಮಗಳೇ."

ಇನ್ಶಿರಾಹ್ ತಲೆವಸ್ತ್ರದ ಅಂಚಿನಲ್ಲಿ ಮುಖ ಮುಚ್ಚಿಕೊಂಡಳು. ಮೇಷ್ಟ್ರು ತಲೆ ಎತ್ತಲಿಲ್ಲ. ತೊಡೆಯ ಮೇಲಿನ ಖಾಲಿ ಜರಡಿಯನ್ನು ಮೆಲ್ಲಗೆ, ಎಚ್ಚರಿಕೆಯಿಂದ ತೂಗುತ್ತಿದ್ದರು.