ಆರು ಮೂರು ಏಳು, ಆರು ಮೂರು ಏಳು

ಸಂಖ್ಯೆ ಕಂಡರೆ ರೊಸಾರಿಯೊ ಮಾಸ್ಟರಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಬಸ್ಸಿನ ನಂಬರಿರಲಿ, ಇಗರ್ಜಿಯ ಕೀರ್ತನೆಯ ನಂಬರಿರಲಿ, ಭಾಗಿಸಿ ಭಾಗಿಸಿ ತಳ ಕಂಡ ಮೇಲೆಯೇ ಸಮಾಧಾನ. ಕಾಪುವಿನಲ್ಲಿ ಲೆಕ್ಕ ಕಲಿಸುವವರಿಗೆ ಇಷ್ಟು ಹುಚ್ಚು ಇದ್ದರೆ ಯಾರಿಗೇನು ನಷ್ಟ? ನಷ್ಟವಾಗುವ ಹಾಗೆ ಕಂಡದ್ದು ೧೯೫೬ರ ಅಕ್ಟೋಬರಿನಲ್ಲಿ, ಮಗ ಪ್ಯಾಟ್ರಿಕ್ ಬೊಂಬಾಯಿಗೆ ಹಡಗಿನ ಟಿಕೇಟು ತಂದ ದಿನ.

ಹುಡುಗನಿಗೆ ಅಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಸೋಮವಾರ ಹಾಜರಾಗದಿದ್ದರೆ ಅದು ಇನ್ನೊಬ್ಬನ ಪಾಲು. ಹಡಗು ಮರುದಿನವೇ ಮಂಗಳೂರು ಬಿಡುವುದಿತ್ತು.

ಟಿಕೇಟಿನ ನಂಬರು ೬೩೭೬೩೭.

"ಎಷ್ಟು ಚಂದ ಉಂಟು ನೋಡಿ," ಎಂದಳು ಹೆಂಡತಿ ಕಾನ್ಸೆಪ್ಟಾ.

ಮಾಸ್ಟರ ಮುಖ ಬಿಳಿಚಿತು. ಮೂರಂಕಿಯ ಸಂಖ್ಯೆಯನ್ನು ಎರಡು ಸಲ ಬರೆದರೆ ಅದನ್ನು ಸಾವಿರದ ಒಂದರಿಂದ ಗುಣಿಸಿದ ಹಾಗೆ. ಆ ಸಾವಿರದ ಒಂದಾದರೂ ಏನು? ಏಳು, ಹನ್ನೊಂದು, ಹದಿಮೂರು, ಈ ಮೂರರ ಗುಣಲಬ್ಧ. ಅಂದರೆ ಹದಿಮೂರು ಒಳಗೆ ಕೂತೇ ಇತ್ತು. ಉಳಿದ ಆರುನೂರ ಮೂವತ್ತೇಳನ್ನಾದರೂ ನೋಡೋಣ ಎಂದು ಒಡೆದರೆ ಏಳು, ಏಳು, ಮತ್ತೆ ಹದಿಮೂರು. ಅಲ್ಲೂ ಅದೇ ಪೀಡೆ!

ಮಾಸ್ಟರು ಬೋರ್ಡಿಂಗಿನಲ್ಲಿ ಓದುವಾಗ ಅಲ್ಲಿನ ವಿದೇಶಿ ಪಾದ್ರಿಯೊಬ್ಬರು, ಮೇಜಿಗೆ ಹದಿಮೂರು ಮಂದಿ ಕೂತರೆ ಊಟ ಬಿಟ್ಟು ಏಳುತ್ತಿದ್ದರು. ಆ ಹೆದರಿಕೆ ಇಂಗ್ಲಿಷಿನ ಜೊತೆಗೇ ಮಾಸ್ಟರಿಗೆ ಅಂಟಿಕೊಂಡಿತ್ತು. ಲೆಕ್ಕದ ಮಾಸ್ಟರು ಹೀಗೆ ಹೆದರುವುದು ನಾಚಿಕೆಗೇಡು ಎಂದು ಅವರಿಗೂ ಗೊತ್ತಿತ್ತು. ಆದರೆ ಇದ್ದವನು ಒಬ್ಬನೇ ಮಗ.

"ಕಡಲು ಸರಿಯಿಲ್ಲವಂತೆ. ಮುಂದಿನ ಹಡಗಿಗೆ ಹೋಗಲಿ," ಎಂದರು.

ಪ್ಯಾಟ್ರಿಕ್ ಟ್ರಂಕಿನ ಮೇಲೆ ಕುಸಿದು ಕೂತ. ಅಷ್ಟರಲ್ಲಿ ನೆರೆಮನೆಯ ದೂಮಪ್ಪ ಬಂಗುಡೆ ಕೊಡಲು ಬಂದ. ಉದ್ಯಾವರದ ಕಡಲಲ್ಲೇ ಬೆಳೆದ ಮೀನುಗಾರ.

"ಕಡಲಿಗೆ ಎಂತ ಆಯಿತು ಮಾಸ್ಟ್ರೇ? ಎಣ್ಣೆಯ ಹಾಗೆ ಉಂಟು," ಎಂದುಬಿಟ್ಟ ಪುಣ್ಯಾತ್ಮ.

ಕಾನ್ಸೆಪ್ಟಾ ಸೊಂಟಕ್ಕೆ ಕೈಯಿಟ್ಟಳು. "ಈಗ ನಿಜ ಹೇಳಿ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮಾಸ್ಟರು ತಲೆ ತಗ್ಗಿಸಿ ಲೆಕ್ಕವನ್ನೆಲ್ಲ ಒಪ್ಪಿಸಿದರು. ಕೊನೆಗೆ, "ಹದಿಮೂರು, ಕಾನ್ಸೆಪ್ಟಾ. ಅದೂ ಎರಡು ಸಲ," ಎಂದರು.

"ಅಯ್ಯೋ, ಹದಿಮೂರಾ? ಜೂನ್ ಹದಿಮೂರು ಸಾಂತ್ ಅಂತೋನಿಯ ಹಬ್ಬ ಅಲ್ವಾ? ಇವನು ಹುಟ್ಟಲಿ ಎಂದು ನಾನು ಹರಕೆ ಹೇಳಿದ್ದು ಯಾರಿಗೆ? ವರ್ಷವರ್ಷ ಆ ದಿನ ಮೊಂಬತ್ತಿ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುವವರು ನೀವೇ ಮಾರಾಯ್ರೇ!"

ಮಾಸ್ಟರು ಹಣೆ ಚಚ್ಚಿಕೊಂಡರು. ಹೌದಲ್ಲ! ಕಂಡ ಕಂಡ ಸಂಖ್ಯೆಯ ತಳ ನೋಡುವ ತಮಗೆ, ಮನೆಯ ಅಲ್ತಾರಿನ ಪೀಠದ ಮೇಲೆ ಸಾಂತ್ ಅಂತೋನಿಯ ಜೊತೆಗೇ ಇದ್ದ ಹದಿಮೂರು ಇಷ್ಟು ವರ್ಷ ಕಂಡಿರಲಿಲ್ಲ. ಎದೆ ಹಗುರಾಗಿ ಅವರಿಗೆ ಅಳುವಷ್ಟು ನಗು ಬಂತು. ಆದರೂ ಕೊನೆಯ ಒಂದು ಚೂರು ಹೆದರಿಕೆ ಉಳಿದಿತ್ತು.

"ಎರಡು ಸಲ ಯಾಕೆ ಹಾಗಾದರೆ?"

"ಮತ್ತೆ? ಹೋಗಲಿಕ್ಕೆ ಒಂದು, ಬರಲಿಕ್ಕೆ ಒಂದು," ಎಂದು ಕಾನ್ಸೆಪ್ಟಾ ಬಂಗುಡೆ ಎತ್ತಿಕೊಂಡು ಒಳಗೆ ಹೋದಳು.

ಮಾಸ್ಟರು ಎದ್ದು ಮಗನ ಟ್ರಂಕಿಗೆ ತಾವೇ ಹಗ್ಗ ಬಿಗಿದರು.