ಮೈಕಿನ ಮುಂದಿನ ನಡುಕ

ಬಸ್ ನಿಲ್ದಾಣದಲ್ಲಿ ಹದಿನಾಲ್ಕು ವರ್ಷದಿಂದ ಅವನದೇ ದನಿ. ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತದೆಂದು ಗಾಜಿನ ಕೋಣೆಯಲ್ಲಿ ಕೂತು ಹೇಳುವುದು ಕೆಲಸ. ದನಿ ಊರಿಗೆಲ್ಲ ಗೊತ್ತು. ಮುಖದ ಪರಿಚಯ ಪಕ್ಕದ ಚಹಾದಂಗಡಿಯವನಿಗೂ ಅಷ್ಟಕ್ಕಷ್ಟೆ. ಸಂಜೆ ಮನೆಗೆ ಹೋದರೆ ‘ಊಟ ಆಯ್ತಾ’ ಎನ್ನುವವರಿಲ್ಲ.

ಅದು ಯಾಕೆ ಶುರುವಾಯಿತೋ ಅವನಿಗೂ ತಿಳಿಯದು. ಒಂದು ಬೆಳಿಗ್ಗೆ ಮೈಕಿನ ಗುಂಡಿ ಒತ್ತಿದಾಗ ಎದೆ ಡವಡವ ಹೊಡೆದುಕೊಂಡಿತು, ನಾಲಿಗೆ ಒಣಗಿತು. ಮರುದಿನ ನೀರಿನ ಬಾಟಲಿಗೆ ಎರಡು ಗುಟುಕು ಬ್ರಾಂದಿ ಬೆರೆಸಿ ತಂದ. ದನಿ ಸಲೀಸಾಗಿ ಹೊರಟಿತು. ವರ್ಷ ತುಂಬುವಷ್ಟರಲ್ಲಿ ಬಾಟಲಿಯಲ್ಲಿ ನೀರೇ ಇರುತ್ತಿರಲಿಲ್ಲ. ಕುಡಿದರೆ ಭಯ ಅಡಗುತ್ತಿತ್ತು. ಅಮಲು ಇಳಿದರೆ ಇನ್ನಷ್ಟು ಬಲಿತು ಬರುತ್ತಿತ್ತು. ದೂರದ ಊರಿನ ಅಕ್ಕ ಫೋನ್ ಮಾಡಿದರೆ, ದನಿಯಲ್ಲೇ ಗೊತ್ತಾದೀತೆಂದು ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪ್ಲಾಟ್‌ಫಾರಂ ಒಂಬತ್ತು ಎನ್ನುವ ಬದಲು ನಾಲ್ಕು ಎಂದುಬಿಟ್ಟ. ಬಸ್ಸು ತಪ್ಪಿದ ಮುದುಕಿ ಏದುಸಿರು ಬಿಡುತ್ತ ಗಾಜಿನ ಮುಂದೆ ಬಂದು ನಿಂತಳು.

“ನಿನ್ ಮಾತು ನಂಬ್ಕೊಂಡು ಓಡಿದ್ನಲ್ಲಪ್ಪಾ! ಅಲ್ಲಿ ಮಗಳಿಗೆ ಹೆರಿಗೆ ನೋವು.”

ಅವನು ಮೈಕು ಆರಿಸಿದ. ಮರುದಿನ ತಾನಾಗಿಯೇ ಆಸ್ಪತ್ರೆಗೆ ಹೋದ.

ಕೆಳಮಹಡಿಯಲ್ಲಿ, ಮನಸ್ಸಿನ ಕಾಯಿಲೆಯ ವಿಭಾಗದಲ್ಲಿ, “ಮೊದ್ಲು ಕುಡಿತ ಬಿಟ್ಟು ಬನ್ನಿ” ಎಂದರು. ಮೇಲ್ಮಹಡಿಯಲ್ಲಿ ಕುಡಿತ ಬಿಡಿಸುವವರು, “ಮೊದ್ಲು ಆ ಭಯಕ್ಕೆ ಔಷಧಿ ತಗೊಳ್ಳಿ” ಎಂದರು. ಮೂರನೇ ಸಲ ಇಳಿಯುವಾಗ ಮೆಟ್ಟಿಲ ಮೇಲೇ ಕೂತ.

“ಯಾಕಣ್ಣ, ಇಲ್ಲಿ ಕೂತ್ಬಿಟ್ರಿ?” ವಯಸ್ಸಾದ ನರ್ಸೊಬ್ಬಳು ಕೇಳಿದಳು.

“ಮೇಲೆ ಹೋದ್ರೆ ಕೆಳಗೆ ಅಂತಾರೆ, ಕೆಳಗೆ ಹೋದ್ರೆ ಮೇಲೆ ಅಂತಾರೆ. ನಾನೇನು ಲಿಫ್ಟಾ, ಸಿಸ್ಟರ್?”

ಅವಳು ನಕ್ಕಳು. ಆಮೇಲೆ ಅವನ ಕೈಯಲ್ಲಿದ್ದ ಎರಡೂ ವಿಭಾಗದ ಚೀಟಿ ಓದಿ ನಗು ನಿಲ್ಲಿಸಿ, ತೋಳು ಹಿಡಿದು ಡಾಕ್ಟರ ಬಳಿಗೆ ಕರೆದೊಯ್ದಳು.

“ಭಯ, ಕುಡಿತ ಎರಡೂ ಒಂದೇ ಗಂಟು, ಸಾರ್. ಒಟ್ಟಿಗೇ ಬಿಡಿಸ್ಬೇಕು.”

ಡಾಕ್ಟರು ತಲೆಯಾಡಿಸಿದರು. “ನೀವಾಗೇ ಒಮ್ಮೆಲೇ ನಿಲ್ಲಿಸೋಕೆ ಹೋಗ್ಬೇಡಿ, ಜೀವಕ್ಕೆ ಅಪಾಯ. ಇಲ್ಲೇ ಅಡ್ಮಿಟ್ ಆಗಿ. ನಿಮ್ಮೋರು ಅಂತ ಯಾರಿದಾರೆ?”

ಅವನು ಅಕ್ಕನ ನಂಬರು ಹೇಳಿದ.

ಅಕ್ಕ ಬಂದಳು. “ನನ್ಹತ್ರ ಮಾತಾಡೋಕೂ ನಿಂಗೆ ಮೈಕ್ ಬೇಕಿತ್ತೇನೋ?” ಎಂದು ಬೈದು, ಹೊರಗೆ ಹೋಗಿ ಅತ್ತಳು. ಹನ್ನೊಂದು ದಿನ ಜೊತೆಗಿದ್ದು ತನ್ನೂರಿಗೆ ಮರಳಿದಳು.

ಆಮೇಲೆ ಅವನು ಎರಡು ಸಲ ಮತ್ತೆ ಕುಡಿತಕ್ಕೆ ಜಾರಿದ. ಎರಡು ಸಲವೂ ನಾಚಿಕೆ ನುಂಗಿಕೊಂಡು ಆಸ್ಪತ್ರೆಗೆ ಹೋಗಿ ಹೇಳಿದ. ಯಾರೂ ವಾಪಸ್ ಕಳಿಸಲಿಲ್ಲ. ಈಗ ಅರ್ಧ ದಿನ ಕೆಲಸ, ಬುಧವಾರ ಡಾಕ್ಟರ ಜೊತೆ ಮಾತು. ಭಾನುವಾರಗಳು ಮಾತ್ರ ಇನ್ನೂ ಉದ್ದ. ಭಯ ಒತ್ತಿಕೊಂಡು ಬಂದರೆ ಕುಡಿಯದೆ ಕಿಟಕಿ ತೆರೆದು ಕೂರುತ್ತಾನೆ. ಯಾರೂ ಬರುವುದಿಲ್ಲ. ಹೊತ್ತು ಮೆಲ್ಲಗೆ ಇಳಿಯುತ್ತದೆ.