ಅಪ್ಪನಿಗೊಂದು ಕಾಗದದ ಫೋಟೋ

ಟಕ್. ಎಲ್ಲರೂ ಮಲಗಿದ ಮೇಲೆ ಅಪ್ಪನ ಕೋಣೆಯಿಂದ ಸಣ್ಣ ಸದ್ದು. ತುಸು ಹೊತ್ತು ಬಿಟ್ಟು ಮತ್ತೆ ಟಕ್. ಅಮ್ಮ ಹೋದಾಗಿನಿಂದ ತವರಿನಲ್ಲೇ ಉಳಿದಿದ್ದ ಮಗಳು ಎದ್ದು ಹೋಗಿ ಬಾಗಿಲ ಸಂದಿಯಲ್ಲಿ ನೋಡಿದಳು. ಅಪ್ಪ ಮೊಬೈಲಿನಲ್ಲಿ ಅಮ್ಮನ ಫೋಟೋ ನೋಡುತ್ತಿದ್ದರು. ಪರದೆ ತಾನಾಗಿ ಕಪ್ಪಾಗುತ್ತಿತ್ತು. ಅವರು ಮತ್ತೆ ಗುಂಡಿ ಒತ್ತುತ್ತಿದ್ದರು.

ಅವಳಿಗೆ ಅಳು ಬರಲಿಲ್ಲ. ಬಹಳ ದಿನಗಳಿಂದ ಏನೂ ಬಂದಿರಲಿಲ್ಲ. ಕಾಗದವಾದರೆ ಕಪ್ಪಾಗುವುದಿಲ್ಲ ಎಂದಷ್ಟೇ ಅನ್ನಿಸಿತು.

ಫೋಟೋ ಎಲ್ಲಿ ಪ್ರಿಂಟ್ ಹಾಕಿಸುವುದು ಎಂದು ಬೆಳಿಗ್ಗೆ ತಮ್ಮನನ್ನು ಕೇಳಿದಳು.

"ಆ್ಯಪಲ್ಲಿ ಹಾಕು ಅಕ್ಕಾ, ಮನೆಗೇ ತಂದುಕೊಡ್ತಾರೆ."

"ಅದು ಕೇಳದೇನೇ ಮುಖ ಬೆಳ್ಳಗೆ ಮಾಡಿಬಿಡುತ್ತೆ."

"ಸೂಪರ್‌ಮಾರ್ಕೆಟ್‌ನಲ್ಲಿ ಮಷೀನಿದೆಯಲ್ಲ?"

"ನಿನ್ನ ಮಗಳ ಫೋಟೋದಲ್ಲಿ ಅರ್ಧ ತಲೆ ಹಾರಿಸಿದ್ದು ಅದೇ ಅಲ್ವಾ?"

"ಅಯ್ಯೋ ಮಾರಾಯ್ತಿ! ಒಂದು ಫೋಟೋಗೆ ಇಷ್ಟು ಅಳೆದು ಸುರೀತೀಯ. ಭಾವನ್ನ ಒಪ್ಪಿಕೊಳ್ಳೋವಾಗ ಇಷ್ಟು ಯೋಚನೆ ಮಾಡಿದ್ಯಾ?"

ಕೊನೆಗೆ ಬೀದಿ ಕೊನೆಯ ಸ್ಟುಡಿಯೋ ಆಗಬಹುದು ಎಂದುಕೊಂಡಳು. ಅಲ್ಲಾದರೆ ಪ್ರಿಂಟ್ ತೆಗೆಯುವ ಮೊದಲು ಮನುಷ್ಯನೊಬ್ಬ ಕಣ್ಣಿಟ್ಟು ನೋಡುತ್ತಾನೆ.

ಫೋಟೋದಲ್ಲಿ ಅವಳ ಪಕ್ಕದಲ್ಲಿ ನಿಂತು ಅಮ್ಮ ನಗುತ್ತಿದ್ದಳು. ನಕ್ಕರೆ ಅಮ್ಮನ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಅವಳ ನಗುವೇ ಹಾಗೆ.

"ನಮ್ಮಮ್ಮ ತೀರಿಕೊಂಡಿದ್ದಾರೆ. ಅವರೊಬ್ಬರದ್ದೇ ಸಾಕು, ನನ್ನನ್ನ ತೆಗೆದುಬಿಡಿ. ಬಣ್ಣ ತಿದ್ದಬೇಡಿ. ಕೆನ್ನೆ ಮೇಲಿನ ಮಚ್ಚೆ ಹಾಗೇ ಇರಲಿ," ಎಂದು ಸ್ಟುಡಿಯೋದವನಿಗೆ ಎರಡೆರಡು ಸಲ ಹೇಳಿದಳು. ಕಣ್ಣಿನ ಮಾತು ಹೊಳೆಯಲೇ ಇಲ್ಲ.

ಫೋಟೋ ತಂದವನು ತಮ್ಮ. ಅವಳು ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅಪ್ಪ ಅದನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ಕೂತಿದ್ದರು.

"ಬಾರೇ ಇಲ್ಲಿ, ನಿಮ್ಮಮ್ಮನ್ನ ನೋಡು. ಕುರ್ಚಿ ಎಲ್ಲಿ ಹಾಕಿಕೊಂಡ್ರೂ ನನ್ನನ್ನೇ ನೋಡ್ತಾಳೆ!"

ಅಮ್ಮನ ಕಣ್ಣು ತೆರೆದಿತ್ತು. ಎಡಗಣ್ಣಿನ ರೆಪ್ಪೆಯ ಮೇಲೊಂದು ಗಾಯದ ಗೆರೆ. ಚಿಕ್ಕಂದಿನಲ್ಲಿ ಬಾಗಿಲಿಗೆ ಬಡಿದುಕೊಂಡು ಆಗಿದ್ದ ಆ ಗೆರೆಯನ್ನು ಅವಳು ದಿನವೂ ಕನ್ನಡಿಯಲ್ಲಿ ತನ್ನ ಕಣ್ಣ ಮೇಲೆ ನೋಡುತ್ತಿದ್ದಳು.

ಹಿತ್ತಲಿಗೆ ಹೋಗಿ ಸ್ಟುಡಿಯೋಗೆ ಫೋನ್ ಮಾಡಿದಳು.

"ಕಣ್ಣು ಮುಚ್ಚಿರೋ ಫೋಟೋ ಯಾರಾದ್ರೂ ಮನೇಲಿ ಇಡ್ತಾರೇನಮ್ಮಾ? ಹೋದವರದ್ದು ಅಂದ್ರೆ ನಾವು ಕಣ್ಣು ತೆರೆಸಿಯೇ ಕೊಡೋದು," ಎಂದ ಅವನು ಹೆಮ್ಮೆಯಿಂದ. "ಪಕ್ಕದಲ್ಲೇ ನೀವಿದ್ರಿ. ಅದೇ ಬೆಳಕು, ಅದೇ ಅಳತೆ. ಮಗಳ ಕಣ್ಣು ತಾಯಿಗೆ ಒಪ್ಪದೆ ಇರುತ್ತಾ? ಬೇಡ ಅಂದ್ರೆ ಹೇಳಿ, ನಾಳೆ ಇದ್ದದ್ದು ಇದ್ದ ಹಾಗೇ ತೆಗೆದುಕೊಡ್ತೀನಿ."

ಕಿಟಕಿಯಿಂದ ಅಪ್ಪ ಕಾಣುತ್ತಿದ್ದರು. ಫೋಟೋಗೆ ತೀರಾ ಹತ್ತಿರ ಬಾಗಿ ಏನೋ ಹೇಳುತ್ತಿದ್ದರು. ನಡುವೆ ಸಣ್ಣಗೆ ನಕ್ಕರು. ಅವರ ನಗು ಕೇಳಿ ಎಷ್ಟು ದಿನವಾಗಿತ್ತೋ. ಸಂತೋಷವಾಗಬೇಕಿತ್ತು ಅವಳಿಗೆ.

"ಬದಲಾಯಿಸೋದು ಬೇಡ, ಹೀಗೇ ಇರಲಿ ಬಿಡಿ," ಎಂದು ಫೋನ್ ಇಟ್ಟಳು.

ಒಳಗೆ ಬಂದಾಗ ಅಪ್ಪ ಕೇಳಿದರು, "ಯಾರದ್ದೇ ಫೋನು?"

"ಸ್ಟುಡಿಯೋದವರದ್ದು. ಫೋಟೋ ಚೆನ್ನಾಗಿದೆ ಅಂತ ಹೇಳಿದೆ."

ತಮ್ಮನಿಗೆ ಹೇಳಿದರೆ ಊರಿಗೆಲ್ಲ ಡಂಗುರ ಸಾರಿದಂತೆ. ಗಂಡನಿಗೂ ಬೇಡ, ಯಾರಿಗೂ ಬೇಡ ಎಂದು ತೀರ್ಮಾನಿಸಿದಳು. ಓದುವಾಗ ಮಾತ್ರ ಹಾಕಿಕೊಳ್ಳುತ್ತಿದ್ದ ದಪ್ಪ ಚೌಕಟ್ಟಿನ ಕನ್ನಡಕವನ್ನು ಹುಡುಕಿ, ರೆಪ್ಪೆಯ ಗೆರೆ ಮರೆಯಾಗುವಂತೆ ಹಾಕಿಕೊಂಡು ಬಂದು, ಅಪ್ಪನ ಪಕ್ಕದಲ್ಲಿ ಕೂತಳು.